ವೆಂಡೆಲ್ ಬಡಿದ ಮೊದಲ ಗೂಟ

ವೆಂಡೆಲ್ ಕರ್ಚರ್‌ನ ಹಸಿರು ಟ್ರಕ್ಕು ಯಾರ ಅಂಗಳದಲ್ಲಾದರೂ ನಿಂತಿತೆಂದರೆ ಆ ದಾರಿಯಲ್ಲಿ ಹೋಗುವವರು ಕಾರಿನ ವೇಗ ತಗ್ಗಿಸಿ, ಕತ್ತು ಹೊರಳಿಸಿ ನೋಡಿ, ನಿಟ್ಟುಸಿರು ಬಿಟ್ಟು ಮುಂದೆ ಹೋಗುತ್ತಿದ್ದರು. ಮನುಷ್ಯ ಕೆಟ್ಟವನೇನಲ್ಲ. ಆದರೆ ಅವನು ಬಂದನೆಂದರೆ ಆ ಮನೆಯ ಕೊಟ್ಟಿಗೆಗೆ ಕೊನೆಗಾಲ ಬಂತೆಂದೇ ಲೆಕ್ಕ.

ಓಹಾಯೋದ ನಮ್ಮ ಕಡೆ ಕೊಟ್ಟಿಗೆಯೆಂದರೆ ನಾಲ್ಕು ಕಂಬದ ಚಪ್ಪರವಲ್ಲ. ಅದು ಮನೆಗಿಂತ ನಾಲ್ಕು ಪಟ್ಟು ದೊಡ್ಡದು. ಕೆಳಗೆ ದನ ಕುದುರೆ, ಮೇಲೆ ಅಟ್ಟದ ತುಂಬ ಹುಲ್ಲು, ನಡುವೆ ಗೋಧಿ ಒಕ್ಕುವ ಕಣ. ನಮ್ಮ ಅಜ್ಜಂದಿರು ಮೊದಲು ಕೊಟ್ಟಿಗೆ ಕಟ್ಟಿ, ಹತ್ತು ವರ್ಷ ಅದರಿಂದ ದುಡಿದು, ಆಮೇಲೆ ಮನೆ ಕಟ್ಟಿದವರು. "ಹೆಂಡ್ತಿ ಕಾಯ್ತಾಳೆ, ಹಸು ಕಾಯಲ್ಲ" ಎನ್ನುತ್ತಿದ್ದರಂತೆ. ಹೆಂಡತಿಯರನ್ನು ಯಾರೂ ಕೇಳಿದ ಹಾಗಿಲ್ಲ.

ಈಗಿನ ಯಂತ್ರಗಳು ಆ ಬಾಗಿಲುಗಳಲ್ಲಿ ಹಿಡಿಸುವುದಿಲ್ಲ. ಬಳಕೆ ತಪ್ಪಿದ ಕೊಟ್ಟಿಗೆಯ ಸೂರಿನಲ್ಲಿ ಒಂದು ತಗಡು ಹಾರುತ್ತದೆ, ನೀರು ಇಳಿಯುತ್ತದೆ, ಮೂಲೆಯ ಕಂಬ ಕೊಳೆಯುತ್ತದೆ. ಆಗ ವೆಂಡೆಲ್‌ಗೆ ಫೋನು ಹೋಗುತ್ತದೆ. ಅವನು ಬಂದು, ಹದಿನೈದು ದಿನದಲ್ಲಿ ಎಲ್ಲ ಕಿತ್ತು, ಬಿಸಿಲು ಮಳೆಗೆ ಬೂದಿ ಬಣ್ಣ ಬಂದ ಹಲಗೆಗಳನ್ನು ಪಟ್ಟಣದ ಹೋಟೆಲುಗಳ ಗೋಡೆಗೂ ತೊಲೆಗಳನ್ನು ಅನುಕೂಲಸ್ಥರ ಬೈಠಕ್‌ಖಾನೆಗೂ ಮಾರುತ್ತಾನೆ. ಮೂವತ್ತೆಂಟು ವರ್ಷದಲ್ಲಿ ನೂರಹನ್ನೆರಡು ಕೊಟ್ಟಿಗೆ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಅನ್ನುತ್ತಾರಲ್ಲ, ಆ ದೊಣ್ಣೆ ನಮ್ಮ ವೆಂಡೆಲ್.

ಬೆಳಗಿನ ಕಾಫಿಗೆ ಅವನು ಹೋಟೆಲಿಗೆ ಹೋದರೆ ಯಾರಾದರೊಬ್ಬರು ಶುರುಮಾಡುತ್ತಿದ್ದರು. "ನಮ್ಮ ಕಡೆ ನೋಡ್ಬೇಡ ಕಣಪ್ಪ ವೆಂಡೆಲ್, ಸೂರು ಹೊಸದು ಹಾಕ್ಸಿದೀನಿ."

"ಹಾಕ್ಸು ಹಾಕ್ಸು. ತಗಡಿಗೂ ಗಿರಾಕಿ ಇದಾರೆ" ಎಂದು ಅವನೂ ನಗುತ್ತಿದ್ದ.

ನಗು ಹೋಟೆಲಿನ ಬಾಗಿಲವರೆಗೆ ಮಾತ್ರ. ಭಾನುವಾರ ಚರ್ಚಿಗೆ ಹೋಗುವಾಗ ಅವನು ನೇರ ದಾರಿ ಬಿಟ್ಟು ಮೂರು ಮೈಲಿ ಸುತ್ತಿ ಹೋಗುತ್ತಿದ್ದುದೇಕೆಂದು ಅವನ ಹೆಂಡತಿ ಆರ್ಡಿತ್‌ಗೆ ಗೊತ್ತಿತ್ತು. ನೇರ ದಾರಿಯಲ್ಲಿ ಅವನು ಕಿತ್ತ ಏಳು ಕೊಟ್ಟಿಗೆಗಳ ಜಾಗ ಖಾಲಿ ಬಿದ್ದಿದೆ. ಅವಳು ಆ ವಿಷಯ ಎತ್ತುತ್ತಿರಲಿಲ್ಲ. ಪೆಟ್ರೋಲು ಸುಮ್ಮನೆ ಸುಡುತ್ತೀಯ ಎಂದು ಮಾತ್ರ ಅನ್ನುತ್ತಿದ್ದಳು. ಅರವತ್ತಾರು ತುಂಬಿದ ವರ್ಷ ವೆಂಡೆಲ್‌ನ ಮನಸ್ಸಿನಲ್ಲಿ ಒಂದೇ ಆಸೆ ಕೂತಿತ್ತು: ಸಾಯುವ ಮೊದಲು ತನ್ನ ಕೈ ಮುಟ್ಟಿದ ಒಂದಾದರೂ ಕೊಟ್ಟಿಗೆ ಈ ಸೀಮೆಯಲ್ಲಿ ನಿಂತಿರಬೇಕು.

ಹಾಗಿರುವಾಗಲೇ ಲೊರೀನ್ ಆಮ್‌ಸ್ಟಟ್ಸ್ ತಮ್ಮ ಕೊಟ್ಟಿಗೆಯನ್ನು ಊರಿಗೆ ಕೊಡುವುದಾಗಿ ಹೇಳಿದರು. ಎಂಬತ್ತನಾಲ್ಕು ವರ್ಷದ ಹೆಂಗಸು. ಮದುವೆಯಾಗದೆ, ಅಣ್ಣನ ಜೊತೆ ಐವತ್ತು ವರ್ಷ ಅದೇ ಕೊಟ್ಟಿಗೆಯಲ್ಲಿ ಹಾಲು ಕರೆದವರು. ಊರಿನ ಅರ್ಧ ಜನಕ್ಕೆ, ವೆಂಡೆಲ್‌ಗೂ ಸೇರಿ, ಚರ್ಚಿನಲ್ಲಿ ಭಾನುವಾರದ ಪಾಠ ಹೇಳಿದವರು. ಕೊಟ್ಟಿಗೆ ನೂರತೊಂಬತ್ತು ವರ್ಷದ್ದು, ಪಶ್ಚಿಮಕ್ಕೆ ವಾಲಿತ್ತು. ಅದನ್ನು ಪೂರ್ತಿ ಇಳಿಸಿ, ಕೊಳೆತದ್ದಕ್ಕೆ ಹೊಸದು ಜೋಡಿಸಿ, ಅದೇ ತಳಪಾಯದ ಮೇಲೆ ಮತ್ತೆ ಎತ್ತಬೇಕು. ಹಳೆಯ ನೇಗಿಲು, ರಾಶಿ ಯಂತ್ರ, ಊರ ಗೋಧಿ ಜೋಳದ ತಳಿಗಳು ಎಲ್ಲ ಅಲ್ಲಿರಬೇಕು; ಶನಿವಾರ ಶನಿವಾರ ರೈತರು ಅಲ್ಲೇ ಕೂತು ಮಾರಬೇಕು; ಮಕ್ಕಳು ಬಂದು ಒಕ್ಕುವುದನ್ನು ಕಣ್ಣಾರೆ ನೋಡಬೇಕು ಎಂದು ಕಮಿಟಿಯಾಯಿತು. ಕಮಿಟಿಗೆ ಬಿತ್ತನೆ ಬೀಜದ ಅಂಗಡಿಯ ಡುವೇನ್ ನುಸ್‌ಬಾಮ್ ಅಧ್ಯಕ್ಷ. ಎತ್ತುವ ಕೆಲಸ ಆಟ್ಲಿ ಹರ್ಷ್‌ಬರ್ಗರ್‌ನದು; ಕಾರು, ಕರೆಂಟು ಬೇಡವೆಂದು ಕುದುರೆಗಾಡಿಯಲ್ಲೇ ಓಡಾಡುವ ಆಮಿಶ್ ಪಂಥದ ಬಡಗಿ. ಇಳಿಸುವ ಕೆಲಸವನ್ನು ತಾನು ಬಿಟ್ಟಿ ಮಾಡಿಕೊಡುತ್ತೇನೆಂದು ವೆಂಡೆಲ್ ಎದ್ದು ನಿಂತ.

"ಕುರಿ ಕಾಯೋಕೆ ತೋಳನ್ನ ಬಿಟ್ಟ ಹಾಗಾಯ್ತು" ಎಂದ ಡುವೇನ್. ಸಭೆಯೆಲ್ಲ ನಕ್ಕಿತು.

ಲೊರೀನ್ ನಗಲಿಲ್ಲ. "ಕೀಳೋದ್ರಲ್ಲಿ ಇವನಷ್ಟು ಚೊಕ್ಕ ಕೈ ಇನ್ಯಾರಿಗಿದೆ, ಹೇಳಿ. ವೆಂಡೆಲ್, ಒಂದು ಮರಾನೂ ಕೊಯ್ಯಬಾರ್ದು. ಹ್ಯಾಗಿತ್ತೋ ಹಾಗೇ ಇಳೀಬೇಕು. ಆಗುತ್ತಾ?"

"ಆಗುತ್ತೆ, ಮಿಸ್ ಲೊರೀನ್. ಮಾತು ಕೊಡ್ತೀನಿ."

ಡುವೇನ್ ಒಂದು ಷರತ್ತು ಹಾಕಿದ. ಕಣದ ಮೇಲಿನ ದೊಡ್ಡ ತೊಲೆ ಗಟ್ಟಿಯಾಗಿದ್ದರೆ ಮಾತ್ರ ಹಳೆಯ ಮರದಲ್ಲಿ ಕಟ್ಟುವುದು. ಇಲ್ಲದಿದ್ದರೆ ಕಬ್ಬಿಣದ ಶೆಡ್ಡು ಎಬ್ಬಿಸಿ ಹೊರಗಡೆ ಹಳೆಯ ಹಲಗೆ ಬಡಿಯುವುದು. ನಲವತ್ತಡಿ ಉದ್ದದ ಆ ತೊಲೆಗೆ ನಡುವೆ ಕಂಬದ ಆಸರೆಯಿಲ್ಲ. ಕಣದಲ್ಲಿ ಕುದುರೆಗಳು ಸುತ್ತು ಹೊಡೆಯಲು ಅಡ್ಡಿಯಾಗಬಾರದೆಂದು ಒಂದೇ ಓಕ್ ಮರವನ್ನು ಕೊಡಲಿಯಲ್ಲಿ ಕೆತ್ತಿ, ಎರಡು ತುದಿಯ ಎರಡೇ ಕಂಬದ ಮೇಲೆ ನಿಲ್ಲಿಸಿದ್ದರು. ಅಷ್ಟು ದೊಡ್ಡ ಮರ ಈಗ ನಮ್ಮ ಮೂರು ಜಿಲ್ಲೆ ಹುಡುಕಿದರೂ ಸಿಗುವುದಿಲ್ಲ.

ಜುಲೈ ತಿಂಗಳೆಲ್ಲ ಇಳಿಸುವ ಕೆಲಸ ನಡೆಯಿತು. ಈ ಕೊಟ್ಟಿಗೆಗಳ ಕಂಬ ತೊಲೆಗಳಲ್ಲಿ ಒಂದು ಮೊಳೆಯಿಲ್ಲ. ತೊಲೆಯ ತುದಿಯನ್ನು ನಾಲಿಗೆಯ ಹಾಗೆ ತೆಳ್ಳಗೆ ಕೆತ್ತಿ, ಕಂಬದ ತೂತಿನೊಳಗೆ ತೂರಿಸಿ, ಅಡ್ಡಲಾಗಿ ಓಕ್ ಗೂಟ ಬಡಿದಿರುತ್ತಾರೆ. ಬಿಚ್ಚಬೇಕೆಂದರೆ ಕಂಬದ ಹಿಂದಕ್ಕೆ ಹೋಗಿ, ಗೂಟದ ಸಣ್ಣ ತುದಿಗೆ ಉಳಿಯಿಟ್ಟು ಸುತ್ತಿಗೆಯಿಂದ ಹೊಡೆದು ಮುಂದಕ್ಕೆ ಬೀಳಿಸಬೇಕು. ವೆಂಡೆಲ್ ಹಾಗೆ ನಾನೂರು ಗೂಟ ಬೀಳಿಸಿದ. ಲೊರೀನ್ ದಿನವೂ ಮಡಚುವ ಕುರ್ಚಿ ಹಾಕಿಕೊಂಡು ಸೇಬಿನ ಮರದಡಿ ಕೂತು ನೋಡುತ್ತಿದ್ದರು. ನಡುನಡುವೆ ಬೆಲ್ಲದ ಪಾಕದ ಬಿಸ್ಕತ್ತಿನ ಡಬ್ಬಿ ಚಾಚುತ್ತಿದ್ದರು.

ದೊಡ್ಡ ತೊಲೆಯ ಸರದಿ ಬಂದ ದಿನ ಪಶ್ಚಿಮದಲ್ಲಿ ಮೋಡ ಕಟ್ಟಿತ್ತು. ಬಾಡಿಗೆಯ ಕ್ರೇನು ನಾಲ್ಕು ಗಂಟೆಗೆ ವಾಪಸು ಹೋಗಬೇಕು. ಕ್ರೇನಿನ ಪಟ್ಟಿಯಲ್ಲಿ ತೊಲೆ ತೂಗಿಕೊಂಡಿದೆ, ಪೂರ್ವದ ತುದಿಯಲ್ಲಿ ಒಂದು ಗೂಟ ಮಾತ್ರ ಜಪ್ಪಯ್ಯ ಅಂದರೂ ಅಲುಗುತ್ತಿಲ್ಲ. ಲೊರೀನ್ ಊಟಕ್ಕೆ ಒಳಗೆ ಹೋಗಿದ್ದರು. ವೆಂಡೆಲ್ ಇಪ್ಪತ್ತು ನಿಮಿಷ ಹೊಡೆದ. ಬೆವರು ಕಣ್ಣಿಗಿಳಿಯಿತು. ಗುಡುಗು ಕೇಳಿಸಿತು. ಕೈ ಪಕ್ಕಕ್ಕೆ ಹೋಗಿ ಯಂತ್ರದ ಗರಗಸ ಎತ್ತಿಕೊಂಡಿತು.

ಅವನ ಕಸುಬಿನವರೆಲ್ಲ ಮಾಡುವುದೇ ಹಾಗೆ. ಕೊಳ್ಳುವವರಿಗೆ ತುದಿ ನೇರವಿದ್ದ ತೊಲೆ ಬೇಕು. ನಾಲಿಗೆ ಯಾರಿಗೂ ಬೇಡ. ಹಟ ಮಾಡುವ ಗೂಟದ ಜೊತೆ ಗುದ್ದಾಡುವವನು ದಡ್ಡ. ಸಂದಿಯಲ್ಲಿ ಗರಗಸ ಇಟ್ಟು ಒಂದು ಎಳೆತ, ಮುಗಿಯಿತು. ಮೂವತ್ತೆಂಟು ವರ್ಷ ಸಾವಿರಾರು ಸಲ ಮಾಡಿದ ಕೈ ಯಜಮಾನನನ್ನು ಕೇಳದೆಯೇ ಸಾವಿರದ ಮೇಲೊಂದು ಮಾಡಿತು. ತೊಲೆ ಕಂಬದಿಂದ ಬಿಡಿಸಿಕೊಂಡು ಗಾಳಿಯಲ್ಲಿ ಮೆಲ್ಲಗೆ ತೂಗಿತು. ಗರಗಸ ಆರಿಸಿದ ಮೇಲೆ ವೆಂಡೆಲ್‌ಗೆ ತಾನೇನು ಮಾಡಿದೆನೆಂದು ಗೊತ್ತಾಯಿತು. ಏಣಿಯ ಮೇಲೇ ಕೂತ.

ಕ್ರೇನಿನವನು ಇದ್ದ ಜಾಗದಿಂದ ಆ ತುದಿ ಕಾಣುತ್ತಿರಲಿಲ್ಲ. ವೆಂಡೆಲ್ ತೊಲೆ ಇಳಿಸಿಕೊಂಡು, ಮಳೆಗೆಂದು ಹೇಳಿ ಎರಡೂ ತುದಿಗೆ ತಾಡಪಾಲು ಸುತ್ತಿದ. ಹಟ ಮಾಡಿದ ಗೂಟವನ್ನು ಚೂರುಚೂರಾಗಿ ಕೆತ್ತಿ ಹಾಕಿ, ಕಂಬದೊಳಗೆ ಉಳಿದಿದ್ದ ನಾಲಿಗೆಯನ್ನು ಉಳಿಯಿಂದ ಎಬ್ಬಿಸಿ ತೆಗೆದು ಊಟದ ಡಬ್ಬಿಯಲ್ಲಿಟ್ಟ. ಲೊರೀನ್ ಹೊರಗೆ ಬಂದು, ಕಂಬಗಳಷ್ಟೇ ಉಳಿದದ್ದನ್ನು ನೋಡಿ, "ಇಳೀತಾ?" ಎಂದರು.

"ಇಳೀತು" ಎಂದ ವೆಂಡೆಲ್.

ಮರುದಿನ ಬೆಳಿಗ್ಗೆ ಆರ್ಡಿತ್ ಡಬ್ಬಿ ತೆರೆದಳು. "ಇದೇನಿದು, ಊಟದ ಡಬ್ಬೀಲಿ ಮರದ ತುಂಡು?"

ಅವನು ಹೇಳಿದ. ಮೊಟ್ಟೆ ತಟ್ಟೆಯಲ್ಲಿ ತಣ್ಣಗಾಯಿತು. ಆರ್ಡಿತ್ ಆ ತುಂಡನ್ನು ತಿರುಗಿಸಿ ತಿರುಗಿಸಿ ನೋಡಿದಳು. ಅಂಗೈ ಅಗಲ, ಒಂದು ಗೇಣು ಉದ್ದ. ನೂರತೊಂಬತ್ತು ವರ್ಷ ಬೆಳಕು ಕಾಣದ ಓಕ್, ಹೊಸದರ ಹಾಗೆ ಕೆಂಪಗಿತ್ತು.

"ಯಾರಿಗೆ ಹೇಳ್ದೆ?"

"ನಿಂಗೆ."

"ನಾನೇನು ಕಮಿಟಿಯಾ?" ಎಂದಳು ಆರ್ಡಿತ್.

ಅವನು ಕಮಿಟಿಗೆ ಹೋಗಲಿಲ್ಲ, ಆಟ್ಲಿಯ ಬಳಿಗೆ ಹೋದ. ತೊಲೆ ಹೇಗೂ ಅವನ ಅಂಗಳಕ್ಕೇ ಬಂದು ಬಿದ್ದಿತ್ತು. ಆಟ್ಲಿ ತಾಡಪಾಲು ಬಿಚ್ಚಿ, ಕೊಯ್ದ ಜಾಗದ ಮೇಲೆ ಹೆಬ್ಬೆರಳು ಆಡಿಸಿದ. ಗಡ್ಡ ಕೆರೆದುಕೊಂಡ.

"ಚೆನ್ನಾಗಿ ಕೊಯ್ದಿದೀಯ. ನೂಲು ಹಿಡಿದ ಹಾಗಿದೆ."

"ಅಣಕಿಸ್ಬೇಡ, ಆಟ್ಲಿ. ಇದಕ್ಕೇನಾದ್ರೂ ದಾರಿ ಇದೆಯಾ?"

"ದಾರಿ ಇದೆ. ತೊಲೆ ತುದೀನ ಮೇಲಿಂದ ಮೂರಡಿ ಸೀಳಿ, ಒಣಗಿದ ಓಕ್ ಹಲಗೆ ಕೂರ್ಸಿ ಗೂಟ ಬಡಿದ್ರೆ ಹೊಸ ನಾಲಿಗೆ ಆಯ್ತು. ನಮ್ಮ ಹಸುಗಳ ಮೇಲಿರೋ ತೊಲೇಲಿ ಇಂಥವು ಎರಡಿವೆ. ಇಪ್ಪತ್ತಾರು ವರ್ಷ ಆಯ್ತು, ಹಸುಗಳು ಇನ್ನೂ ಇವೆ." ತಾಡಪಾಲನ್ನು ಮತ್ತೆ ಸುತ್ತುತ್ತ ಹೇಳಿದ: "ಸೀಳು ಮೇಲ್ಗಡೆ ಇರುತ್ತೆ. ಕೊಯ್ದ ಗೆರೆ ಕಂಬಕ್ಕೆ ಒತ್ಕೊಂಡಿರುತ್ತೆ, ಬೇಕಾದ್ರೆ ಮಣ್ಣು ಬಳಿದು ಮುಚ್ಚಬಹುದು. ಕೆಳಗೆ ನಿಂತೋರಿಗೆ ಗೊತ್ತಾಗಲ್ಲ."

"ನೀನು?"

"ಕೇಳಿದ್ರೆ ಸುಳ್ಳು ಹೇಳಲ್ಲ. ಕೇಳದಿದ್ರೆ ನಾನಾಗಿ ಹೇಳಲ್ಲ. ಮರ ನಿಂದಲ್ಲ, ನಂದೂ ಅಲ್ಲ. ನೀನೇ ಯೋಚ್ನೆ ಮಾಡು."

ವೆಂಡೆಲ್ ನಾಲ್ಕು ವಾರ ಯೋಚನೆ ಮಾಡಿದ, ಅಂದರೆ ನಾಲ್ಕು ವಾರ ಬಾಯಿ ಮುಚ್ಚಿಕೊಂಡಿದ್ದ. ಹೇಳಿದರೆ ಡುವೇನ್‌ನ ಷರತ್ತಿನ ಪ್ರಕಾರ ಕಬ್ಬಿಣದ ಶೆಡ್ಡು. ಅವನು ಮುಟ್ಟಿದ ನೂರಹದಿಮೂರನೆಯದೂ ಹಿಂದಿನವುಗಳ ದಾರಿಯನ್ನೇ ಹಿಡಿಯುತ್ತದೆ. ಹೇಳದಿದ್ದರೆ ಕೊಟ್ಟಿಗೆ ನಿಲ್ಲುತ್ತದೆ, ಅದೂ ಗಟ್ಟಿಯಾಗಿ. ಯಾರಿಗೂ ನಷ್ಟವಿಲ್ಲದ ಸುಳ್ಳು. ಹಾಗೆಂದು ದಿನಕ್ಕೆ ಹತ್ತು ಸಲ ತನಗೆ ತಾನೇ ಹೇಳಿಕೊಂಡ. ಯಾರಿಗೂ ನಷ್ಟವಿಲ್ಲದ ಮಾತನ್ನು ಹತ್ತು ಸಲ ಏಕೆ ಹೇಳಿಕೊಳ್ಳಬೇಕು ಎಂಬುದು ಮಾತ್ರ ಹೊಳೆಯಲಿಲ್ಲ.

ಅತ್ತ ಲೊರೀನ್ ಸಿಕ್ಕಸಿಕ್ಕವರ ಮುಂದೆ ಅವನನ್ನು ಹೊಗಳತೊಡಗಿದ್ದರು. ತಳಪಾಯದ ಕಲ್ಲು ಸರಿಪಡಿಸಲು ಅವನು ಹೋದಾಗಲೆಲ್ಲ ಬಿಸ್ಕತ್ತಿನ ಡಬ್ಬಿ. "ನೋಡ್ರಿ, ಒಂದು ಸಿಬಿರೂ ಕಳೀಲಿಲ್ಲ ಇವನು. ಚಿಕ್ಕೋನಿದ್ದಾಗ ಪಾಠ ಒಪ್ಪಿಸ್ತಿರ್ಲಿಲ್ಲ, ಮಾತು ಮಾತ್ರ ಉಳಿಸ್ಕೋತಿದ್ದ." ಅವನು ಬಿಸ್ಕತ್ತು ಬಾಯಿಗಿಟ್ಟುಕೊಂಡು ತಲೆ ತಗ್ಗಿಸುತ್ತಿದ್ದ. ಜನ ಅದನ್ನು ವಿನಯ ಎಂದುಕೊಂಡರು.

ಆಗಸ್ಟ್ ಕೊನೆಗೆ ಅಗ್ನಿಶಾಮಕದವರ ಸಭಾಂಗಣದಲ್ಲಿ ಕಮಿಟಿ ಸೇರಿತು. ಆಟ್ಲಿಯೂ ಕುದುರೆಗಾಡಿ ಕಟ್ಟಿಕೊಂಡು ಬಂದಿದ್ದ. ಡುವೇನ್ ಕನ್ನಡಕ ಏರಿಸಿ, ಬಾಗಿಲ ಬಳಿ ಹಾಕುವ ಹಿತ್ತಾಳೆ ಫಲಕದ ಒಕ್ಕಣೆ ಓದಿದ. ಮೊದಲು ಆಮ್‌ಸ್ಟಟ್ಸ್ ಮನೆತನದ ಹೆಸರು, ಆಮೇಲೆ ಆಟ್ಲಿಯದು. ಕೊನೆಯಲ್ಲಿ, "ಒಂದು ಮರವನ್ನೂ ಕೊಯ್ಯದೆ ಇಳಿಸಿದವರು ವೆಂಡೆಲ್ ಕರ್ಚರ್."

"ತೋಳ ಅಂದಿದ್ದೆ, ತಪ್ಪಾಯ್ತು ಕಣೋ" ಎಂದೂ ಸೇರಿಸಿದ. ಯಾರೋ ಚಪ್ಪಾಳೆ ತಟ್ಟಿದರು.

ವೆಂಡೆಲ್ ಎದ್ದು ಹೊರಗೆ ಹೋದ. ಹೊಗಳಿಕೆಗೆ ನಾಚಿಕೊಂಡನೆಂದು ಎಲ್ಲರೂ ನಗುತ್ತಿರುವಾಗಲೇ ಟ್ರಕ್ಕಿನಿಂದ ಊಟದ ಡಬ್ಬಿ ತಂದು, ಮುಚ್ಚಳ ತೆಗೆದು, ನಾಲಿಗೆಯನ್ನು ಮೇಜಿನ ಮೇಲಿಟ್ಟ.

"ದೊಡ್ಡ ತೊಲೇದು. ಪೂರ್ವದ ತುದಿ. ನಾನು ಕೊಯ್ದೆ. ಗೂಟ ಬರ್ಲಿಲ್ಲ, ಕೈ ಗರಗಸಕ್ಕೆ ಹೋಯ್ತು. ಜುಲೈ ಇಪ್ಪತ್ತೊಂಬತ್ತಕ್ಕೇ ಆದದ್ದು."

ಮೊದಲು ಬಾಯಿ ಬಿಟ್ಟವನು ಡುವೇನ್. ಅವನಿಗೆ ಕೋಪಕ್ಕಿಂತ ಬೇಸರವಾಗಿತ್ತು. "ಹಾಗಿದ್ರೆ ಷರತ್ತು ಷರತ್ತೇ. ಕಬ್ಬಿಣದವರಿಗೆ ಬರೀತೀನಿ. ಹೊರಗಡೆಗೆ ಹಲಗೆ ಇದ್ದೇ ಇದೆ."

"ಕಬ್ಬಿಣದ ಶೆಡ್ಡಿಗೆ ಹಳೇ ಹಲಗೆ ಬಡಿಯೋದು ಹೆಣಕ್ಕೆ ಪೌಡರ್ ಹಚ್ಚಿದ ಹಾಗೆ" ಎಂದರು ಲೊರೀನ್. "ಸುಮ್ನಿರು, ಡುವೇನ್. ಕೊಟ್ಟಿಗೆ ಎದ್ದು ನಿಲ್ಲೋವರೆಗೂ ಮರ ನಂದು. ಆಟ್ಲಿ, ಇದು ಕೂಡುತ್ತಾ?"

ಆಟ್ಲಿ ತನ್ನ ಹಸುಗಳ ಮೇಲಿನ ತೊಲೆಯ ಕಥೆ ಹೇಳಿದ. ಇಂಜಿನಿಯರು ಬಂದು ಭಾರ ಅಳೆದು ನೋಡಲಿ ಎಂದ. ಲೊರೀನ್ ವೆಂಡೆಲ್ ಕಡೆ ತಿರುಗಿದರು. ಮುಖ ಕೆಂಪಾಗಿತ್ತು. ಅವರು ಸಿಟ್ಟಾದದ್ದನ್ನು ನಾವ್ಯಾರೂ ಅದುವರೆಗೆ ನೋಡಿರಲಿಲ್ಲ.

"ಕೊಯ್ದದ್ದಕ್ಕಲ್ಲ ನಂಗೆ ಸಿಟ್ಟು. ಕೈ ತಪ್ಪುತ್ತೆ, ಯಾರ ಕೈ ತಪ್ಪಲ್ಲ. ಕೊಯ್ದಾದ್ಮೇಲೂ ದಿನಾ ನನ್ನೆದುರು ನಿಂತು ಬಿಸ್ಕತ್ತು ತಿಂದ್ಯಲ್ಲ, ಅದಕ್ಕೆ."

"ಹೌದು, ಮಿಸ್ ಲೊರೀನ್. ತಿಂದೆ."

"ಒಂದಲ್ಲ, ಎರಡೆರಡು."

"ಹೌದು."

ಎಂಬತ್ತನಾಲ್ಕರ ಹೆಂಗಸು, ಅರವತ್ತಾರರ ಗಂಡಸು. ನೋಡಿದವರಿಗೆ ನಗಬೇಕೋ ಬೇಡವೋ ತಿಳಿಯದು. ವೆಂಡೆಲ್‌ನ ಕಣ್ಣಲ್ಲಿ ನೀರು ತುಂಬಿತ್ತು. ಅವನು ಅದನ್ನು ಒರೆಸಿಕೊಳ್ಳಲೂ ಇಲ್ಲ. "ನನ್ನ ಹೆಸ್ರು ಬರೀಬೇಡಿ. ನಾನು ಆ ಕಡೆ ಬರೋದೂ ಇಲ್ಲ. ಕೊಟ್ಟಿಗೆ ಮಾತ್ರ ಮರದಲ್ಲೇ ಎತ್ತಿ" ಎಂದ.

"ಹೆಸ್ರು ಬರೆಯಲ್ಲ, ಹೆದರ್ಬೇಡ" ಎಂದರು ಲೊರೀನ್. "ಗೆರೆಗೆ ಮಣ್ಣು ಬಳಿಯೋದೂ ಬೇಡ. ಕೊಯ್ದದ್ದು ಕೊಯ್ದ ಹಾಗೇ ಕಾಣ್ಲಿ. ಆದ್ರೆ ಬರೋದಿಲ್ಲ ಅನ್ನೋಕೆ ನೀನ್ಯಾರು? ಕೆಡಿಸಿದೋನು ಮನೇಲಿ ಕೂತ್ಕೊಳ್ಳೋದು, ಬೇರೆಯವ್ರು ಬಂದು ಸರಿ ಮಾಡೋದು, ಚೆನ್ನಾಗಿದೆ."

ಆಗ ಆಟ್ಲಿ ಟೊಪ್ಪಿಗೆ ಕೈಗೆತ್ತಿಕೊಂಡು ಏಳುತ್ತ, "ನಮ್ಮಪ್ಪ ಹೇಳ್ತಿದ್ರು, ಸಂದಿ ಕೆಡಿಸಿದೋನೇ ಆ ಸಂದಿ ಗೂಟ ಬಡೀಬೇಕು ಅಂತ" ಎಂದ.

ಇಂಜಿನಿಯರು ಬಂದು, ಅಳೆದು, ಸಹಿ ಹಾಕಿದ. ಸೆಪ್ಟೆಂಬರ್ ಎರಡನೇ ಶನಿವಾರ ಬೆಳಿಗ್ಗೆ ಆರಕ್ಕೆಲ್ಲ ಹೊಲದ ಬದುವಿನುದ್ದಕ್ಕೂ ಕುದುರೆಗಾಡಿಗಳು, ಅವುಗಳ ಹಿಂದೆ ನಮ್ಮ ಕಾರುಗಳು. ಹುಲ್ಲು ಟೊಪ್ಪಿಗೆಯ ಆಮಿಶ್ ಆಳು ತೊಂಬತ್ತು, ನಮ್ಮವರು ಮೂವತ್ತು. ಹೆಂಗಸರ ಕಡೆ ಕೋಳಿ, ನೂಡಲ್ಸು, ಹಿಸುಕಿದ ಆಲೂಗಡ್ಡೆಯ ಹಂಡೆಗಳು. ಪೀಚ್ ಹಣ್ಣು ತುಂಬಿ ಬೇಯಿಸಿದ ಪೈಗಳನ್ನು ಬಾಗಿಲ ಹಲಗೆಯ ಮೇಲೆ ಸಾಲಾಗಿ ಜೋಡಿಸಿದ್ದರು. ಆಟ್ಲಿ ಕೂಗಿದ ಹಾಗೆ ಉದ್ದ ಕೋಲುಗಳು ಒಟ್ಟಿಗೆ ಒತ್ತಿದವು, ಹಗ್ಗಗಳು ಒಟ್ಟಿಗೆ ಎಳೆದವು, ಕಂಬಗಳ ಸಾಲುಗಳು ಮಲಗಿದ್ದಲ್ಲಿಂದ ಒಂದೊಂದಾಗಿ ಎದ್ದವು. ಹತ್ತು ಗಂಟೆಗೆ ದೊಡ್ಡ ತೊಲೆ ಮೇಲೆ ಹೋಯಿತು. ಹೊಸ ನಾಲಿಗೆ ತೂತಿನೊಳಗೆ ಹೊಕ್ಕಿತು.

"ವೆಂಡೆಲ್" ಎಂದು ಆಟ್ಲಿ ಮೇಲಿನಿಂದ ಕರೆದ.

ವೆಂಡೆಲ್ ಅಷ್ಟು ಹೊತ್ತು ಕೆಳಗೆ ಗೂಟಗಳ ಬುಟ್ಟಿ ಹೊತ್ತು ಓಡಾಡುತ್ತಿದ್ದ. ಒಂದು ಗೂಟ, ಒಂದು ಮರದ ಕೊಡತಿ ತೆಗೆದುಕೊಂಡು ಏಣಿ ಹತ್ತಿದ. ನೂರಿಪ್ಪತ್ತು ಜನ ಕೆಲಸ ನಿಲ್ಲಿಸಿ ಮೇಲೆ ನೋಡುತ್ತಿದ್ದರು. ಅವನು ಅಡ್ಡಮರ ಹಿಡಿದು, ಎಚ್ಚರಿಕೆಯಿಂದ ಕಂಬ ಬಳಸಿಕೊಂಡು ಹಿಂದಕ್ಕೆ ಹೋಗಿ, ಅಲ್ಲಿ ಕಾಲೂರಿ ನಿಂತು, ಕೊಡತಿ ಎತ್ತಿದ.

ಆಟ್ಲಿ ತೊಲೆಯ ಮೇಲಿನಿಂದ ಬಗ್ಗಿ ನೋಡಿದ. "ಆ ಕಡೆಯಿಂದ ಹೊಡೆದ್ರೆ ಹೊರಗೆ ಬರುತ್ತೆ ಮಾರಾಯ. ಒಳಗೆ ಹೋಗೋದು ಈ ಕಡೆಯಿಂದ."

ಕೆಳಗೆ ಮೊದಲು ಒಬ್ಬ ನಕ್ಕ, ಆಮೇಲೆ ಎಲ್ಲರೂ. ಹೋಟೆಲಿನಲ್ಲಿ ನಗುತ್ತಿದ್ದ ನಗು ಅದಲ್ಲ. ವೆಂಡೆಲ್ ತನ್ನ ಕೈಯಲ್ಲಿದ್ದ ಕೊಡತಿ ನೋಡಿದ, ತಾನು ನಿಂತ ಜಾಗ ನೋಡಿದ, ಅವನಿಗೂ ನಗು ಬಂತು. ಹತ್ತಾರು ಸಾವಿರ ಗೂಟ ಹೊರಗೆ ಬೀಳಿಸಿದ್ದ; ಒಳಗೆ ಬಡಿದದ್ದು ಅದುವರೆಗೆ ಒಂದೂ ಇಲ್ಲ. ಮತ್ತೆ ಕಂಬ ಬಳಸಿ ಮುಂದಕ್ಕೆ ಬಂದು ಗೂಟ ಇಟ್ಟು ಹೊಡೆದ. ಆರನೇ ಏಟಿಗೆ ಅದು ಬಿಗಿಯಿತು, ಒಂಬತ್ತನೆಯದಕ್ಕೆ ಸಂದಿಯನ್ನು ಎಳೆದು ಕೂರಿಸಿತು. ಹಗ್ಗ ಸಡಿಲಿಸಿದರು. ತೊಲೆ ಒಮ್ಮೆ ನರಳಿ, ಒಂದು ಕೂದಲೆಳೆ ಇಳಿದು, ನಿಂತಿತು. ಆಟ್ಲಿ ಮುಂದಿನ ತೊಲೆಗೆ ಕೂಗಿದ.

ಸಂಜೆಯ ಹೊತ್ತಿಗೆ ಸೂರಿನ ಹಲಗೆಯೂ ಮುಗಿಯಿತು. ಊಟದ ಪಂಕ್ತಿಯಲ್ಲಿ ವೆಂಡೆಲ್‌ಗೆ ಜಾಗವಿತ್ತು, ಡುವೇನ್‌ನ ಪಕ್ಕದಲ್ಲೇ.

ಭಾನುವಾರ ಬೆಳಿಗ್ಗೆ, ಚರ್ಚಿಗೆ ಇನ್ನೂ ಎರಡು ಗಂಟೆ ಇರುವಾಗಲೇ, ಅವನು ಟ್ರಕ್ಕು ಹೊರಡಿಸಿದ. ಅಲ್ಲಿ ಅವನಿಗೆ ಕೆಲಸವೇನೂ ಉಳಿದಿರಲಿಲ್ಲ. ಹೋಗಿ ಅಂಗಳದಲ್ಲಿ ಟ್ರಕ್ಕು ನಿಲ್ಲಿಸಿ, ಇಳಿಯದೆ, ಗಾಜು ಇಳಿಸಿ ಕೂತ. ಲೊರೀನ್ ಚರ್ಚಿನ ಉಡುಪಿನಲ್ಲಿ ಕೋಲೂರಿಕೊಂಡು ಹತ್ತಿರ ಬಂದರು.

"ಏನು ಬಿಟ್ಟು ಹೋಗಿದ್ದೆ?"

"ಏನೂ ಇಲ್ಲ, ಮಿಸ್ ಲೊರೀನ್." ಅವನು ಸ್ಟಿಯರಿಂಗಿನ ಮೇಲೆ ಕೈಯಿಟ್ಟು ಕೊಟ್ಟಿಗೆಯನ್ನೇ ನೋಡುತ್ತಿದ್ದ. "ಮೂವತ್ತೆಂಟು ವರ್ಷ ಆಯ್ತು ಈ ಕೆಲ್ಸಕ್ಕೆ. ದಿನಾ ಬೆಳಿಗ್ಗೆ ಹೋಗಿ ನೋಡಿದ್ರೆ ಹಿಂದಿನ ದಿನಕ್ಕಿಂತ ಒಂದಿಷ್ಟು ಕಮ್ಮಿ ಇರೋದು. ಇದು ನಿನ್ನೆ ಇದ್ದಷ್ಟೇ ಇದೆಯಾ ಅಂತ ನೋಡ್ಕೊಂಡು ಹೋಗೋಣ ಅಂತ ಬಂದೆ."

ಲೊರೀನ್ ಕೊಟ್ಟಿಗೆಯ ಕಡೆ ತಿರುಗಿ, ಎಡಗಡೆಯ ಮೂಲೆಯಿಂದ ಬಲಗಡೆಯ ಮೂಲೆಯವರೆಗೆ ಅವನ ಸಲುವಾಗಿ ಒಮ್ಮೆ ನಿಧಾನವಾಗಿ ನೋಡಿದರು.

"ಅಷ್ಟೇ ಇದೆ" ಎಂದರು. "ಇಳಿ, ಒಳಗೆ ಹೋಗೋಣ."